ಆರನೇ ಪುಟದ ಮರಕಡುಕ

ಟ್ರಿಣ್ ಟ್ರಿಣ್ ಎಂದು ಎರಡು ಸಲ ಸೈಕಲ್ ಬೆಲ್ಲು. ಅದರ ಹಿಂದೆಯೇ ಎದೆಯ ಆಳದಿಂದ ಎದ್ದು ಬಂದ ಒಂದು ಕೂಗು: "ತೆಂಗಿನ್ ಮರ ಸವರೋದೂ... ಕೊಂಬೆ ಕಡಿಯೋದೂ..."

ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಕುಕ್ಕರಿನ ಸೀಟಿಗಳು ನಿಂತು, ಸ್ಕೂಲ್ ವ್ಯಾನುಗಳು ತಿರುವಿನಲ್ಲಿ ಮರೆಯಾದ ಮೇಲೆ ಕೇಳುವ ದನಿ ಅದು. 'ಸವರೋದೂ' ಎಂಬಲ್ಲಿ ಕೆಂಚಪ್ಪ ಸ್ವರವನ್ನು ಮೇಲಕ್ಕೆತ್ತಿ, ಅಲ್ಲೇ ಒಂದಿಷ್ಟು ಹೊತ್ತು ನಡುಗಿಸಿ, 'ಕಡಿಯೋದೂ' ಎಂಬಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸುತ್ತಿದ್ದ. ಕೊಂಬೆ ಕಡಿಸುವವರಿಗೆ ಇಷ್ಟೊಂದು ಸಂಗೀತ ಬೇಕಿರಲಿಲ್ಲ. ಕೆಂಚಪ್ಪನಿಗೆ ಬೇಕಿತ್ತು.

ಅವನ ಊರು ಹೇರೋಹಳ್ಳಿ ಇನ್ನೂ ಹಳ್ಳಿಯಾಗಿಯೇ ಇದ್ದ ಕಾಲದಲ್ಲಿ ಅವನು ಊರ ನಾಟಕದ ರಾಕ್ಷಸರಾಜ. ಈ ಕಡೆಯ ಪೌರಾಣಿಕ ನಾಟಕಗಳಿಗೆ ಅವುಗಳದೇ ಒಂದು ನ್ಯಾಯವಿದೆ. ದೇವರ ಪಾತ್ರವನ್ನು ಯಾರು ಬೇಕಾದರೂ ಮಾಡಬಹುದು. ಪೀಚಲು ಹುಡುಗನಿಗೆ ನೀಲಿ ಬಳಿದು ನಿಲ್ಲಿಸಿದರೂ ನಡೆಯುತ್ತದೆ. ರಾಕ್ಷಸನಿಗೆ ಮಾತ್ರ ಆಳ್ತನ ಬೇಕು, ಕಂಠ ಬೇಕು, ಮೀಸೆ ಬೇಕು. ದೊಡ್ಡ ಕಿರೀಟ ಅವನದು, ಹೆಚ್ಚು ಹಾಡು ಅವನವು, ಒನ್ಸ್ ಮೋರ್ ಕೂಡ ಅವನಿಗೇ. ಕೊನೆಗೆ ಅವನು ಸಾಯುತ್ತಾನೆ, ನಿಜ. ಆದರೆ ಸತ್ತವನನ್ನು ಎಬ್ಬಿಸಿ ಕೂರಿಸಿ ಹೂವಿನ ಹಾರ ಹಾಕುವ ಊರಿನಲ್ಲಿ ಸಾವಿಗೆ ಯಾರು ಹೆದರುತ್ತಾರೆ? ಆಮೇಲೆ ಹೊಲಗಳು ಸೈಟುಗಳಾದವು, ನಾಟಕ ಆಡುತ್ತಿದ್ದ ಬಯಲಿನಲ್ಲಿ ಇಟ್ಟಿಗೆ ಲಾರಿಗಳು ನಿಂತವು, ಹಾರ್ಮೋನಿಯಂ ಮೇಷ್ಟ್ರು ತೀರಿಕೊಂಡರು. ಕೆಂಚಪ್ಪನ ಬಳಿ ಉಳಿದದ್ದು ಕಂಠ ಮತ್ತು ಮೀಸೆ. ಅವೆರಡನ್ನೂ ಸೈಕಲ್ಲಿಗೆ ಹೇರಿಕೊಂಡು, ಜೊತೆಗೆ ಹಗ್ಗ, ಮಚ್ಚು, ಕೊಡಲಿ ಕಟ್ಟಿಕೊಂಡು, ಅವನು ಬಡಾವಣೆಗಳ ಮರ ಸವರಲು ಹೊರಟಿದ್ದ.

ಹೀಗಿರುವಾಗ ಚಿತ್ರ ಬರೆಯುವ ನಾಗಭೂಷಣ್ ಅವರ ಮನೆಯಿಂದ ಕರೆ ಬಂತು. ಕಾಂಪೌಂಡಿನ ಹೊಂಗೆಮರ ಕಾರಿನ ಮೇಲೆ ಎಲೆ ಉದುರಿಸುತ್ತಿತ್ತು. ನಾಗಭೂಷಣ್ ಜಗುಲಿಯಲ್ಲಿ ಕುಳಿತು, ರಾಜಾಜಿನಗರದ ಒಬ್ಬ ಪ್ರಕಾಶಕರಿಗಾಗಿ, ಮರಗಳನ್ನು ಪ್ರೀತಿಸಿ ಎಂದು ಮಕ್ಕಳಿಗೆ ಕಲಿಸುವ ಚಿತ್ರಪುಸ್ತಕವೊಂದನ್ನು ಬರೆಯುತ್ತಿದ್ದರು. 'ಹಸಿರಣ್ಣನ ಕಣ್ಣೀರು' ಎಂದು ಅದರ ಹೆಸರು. ಹಸಿರಣ್ಣ ಎಂಬ ಮರ ಚೆನ್ನಾಗಿ ಬಂದಿತ್ತು, ಅದರ ಕಣ್ಣೀರೂ ದುಂಡಗೆ ಬಂದಿತ್ತು. ಆದರೆ ಆರನೇ ಪುಟದಲ್ಲಿ ಕೊಡಲಿ ಹಿಡಿದು ಬರುವ ದುಷ್ಟ ಮಾತ್ರ ಎಷ್ಟು ಸಲ ಅಳಿಸಿ ಬರೆದರೂ ಬ್ಯಾಂಕಿನಲ್ಲಿ ಕೆಲಸ ಮಾಡುವ ಅವರ ಭಾವಮೈದುನನಂತೆಯೇ ಕಾಣುತ್ತಿದ್ದ. ತಲೆ ಎತ್ತಿ ನೋಡಿದರೆ, ಎದುರಿಗೆ ಪಟಾಪಟಿ ಚಡ್ಡಿ, ತಲೆಗೆ ಟವಲು, ಕಿವಿಯ ತನಕ ತಿರುವಿದ ಮೀಸೆ.

"ಕೆಂಚಪ್ಪ, ಹಾಗೇ ನಿಂತ್ಕೊಳ್ಳಿ. ಕೊಡಲಿ ಸ್ವಲ್ಪ ಮೇಲೆ."

"ಯಾಕ್ ಸಾ?"

"ನಿಮ್ಮ ಚಿತ್ರ ಬರೀತೀನಿ. ಪುಸ್ತಕದಲ್ಲಿ ಬರತ್ತೆ."

"ಏನ್ ಪಾತ್ರ ಸಾ?"

ನಾಗಭೂಷಣ್ ಮೃದು ಮನಸ್ಸಿನವರು. ಸ್ವಲ್ಪ ತಡವರಿಸಿದರು. "ಮರ ಕಡಿಯೋನು. ಒಂಥರಾ... ವಿಲನ್ನು. ನಿಮಗೇನೂ ಬೇಜಾರಿಲ್ಲ ತಾನೇ?"

ಬೇಜಾರೇ? ಎಷ್ಟೋ ವರ್ಷಗಳ ಮೇಲೆ ಪಾತ್ರವೊಂದು ತಾನಾಗಿ ಹುಡುಕಿಕೊಂಡು ಬಂದಿತ್ತು, ಅದೂ ರಾಕ್ಷಸನದು. ಕೆಂಚಪ್ಪ ಎಡಗಾಲು ಮುಂದಿಟ್ಟ, ಹುಬ್ಬು ಗಂಟಿಕ್ಕಿದ, ಕಣ್ಣನ್ನು ಕೆಕ್ಕರಿಸಿ ಹೊಂಗೆಮರದ ಕಡೆ ನೋಡಿದ. ಒಳಗಿಂದ ಕಾಫಿ ತಂದ ನಾಗಭೂಷಣ್ ಅವರ ಹೆಂಡತಿ ಲೋಟ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಹೋದರು. ಚಿತ್ರ ಅದ್ಭುತವಾಗಿ ಬಂತು. ಆಮೇಲೆ ಅದೇ ಕೊಡಲಿಯಿಂದ ಹೊಂಗೆಯ ಕೊಂಬೆಗಳನ್ನೂ ಕಡಿಸಲಾಯಿತು.

ಪುಸ್ತಕ ಹೊರಬಂತು. ಮಿರಿಮಿರಿ ಮಿಂಚುವ ಕಾಗದ, ಪ್ರತಿ ಪ್ರತಿಗೂ ಒಂದು ಪ್ಲಾಸ್ಟಿಕ್ ಹೊದಿಕೆ. ಹನ್ನೊಂದನೇ ಪುಟದಲ್ಲಿ ಪ್ಲಾಸ್ಟಿಕ್ ಭೂಮಿಯ ಶತ್ರು ಎಂದು ಬರೆದಿತ್ತು. ಕೆಂಚಪ್ಪ ತನ್ನ ಪ್ರತಿಯ ಹೊದಿಕೆಯನ್ನು ಎಸೆಯಲಿಲ್ಲ. ಅದರೊಳಗೆ ಆರನೇ ಪುಟ ಮೇಲೆ ಬರುವ ಹಾಗೆ ಮಡಚಿಟ್ಟು, ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ. ಮನೆಯಲ್ಲಿ ಹೆಂಡತಿ ಮುನಿತಾಯಮ್ಮ ಪುಸ್ತಕವನ್ನು ದೂರ ಹಿಡಿದು ನೋಡಿ, "ಮೀಸೆ ಸರಿಯಾಗಿ ಬಂದೈತೆ. ಆದ್ರೆ ಚಡ್ಡಿ ಒಗೆದು ಹಾಕ್ಕೊಂಡು ಹೋಗ್ಬಾರದಿತ್ತೇನಯ್ಯಾ?" ಎಂದಳು.

ಜೂನ್‌ನಲ್ಲಿ ಸ್ಕೂಲುಗಳು ಶುರುವಾದವು. ಆ ಭಾಗದ ಹಲವು ಸ್ಕೂಲುಗಳು ಪುಸ್ತಕವನ್ನು ತರಿಸಿಕೊಂಡಿದ್ದವು. ಸಂಜೆ ಕೆಂಚಪ್ಪನ ಬೆಲ್ಲು ಕೇಳಿದರೆ ಸಾಕು, "ಲೋ, ಮರಕಡುಕ ಬಂದ ಕಣ್ರೋ!" ಎಂದು ಮಕ್ಕಳು ಕೂಗತೊಡಗಿದರು. ಅವನು ಸೈಕಲ್ ನಿಲ್ಲಿಸಿ, ಮೀಸೆ ತಿರುವಿ, "ಯಾರಲ್ಲಿ?" ಎಂದು ಅಬ್ಬರಿಸುವನು, ಮಕ್ಕಳು ಕಿರುಚುತ್ತಾ ಗೇಟಿನೊಳಗೆ ನುಗ್ಗುವರು. ಅದು ಅವನಿಗೆ ಚಪ್ಪಾಳೆಯಂತೆ ಕೇಳುತ್ತಿತ್ತು. ತಾಯಂದಿರು ಅವನ ಹೆಸರು ಹೇಳಿ ಅನ್ನ ತಿನ್ನಿಸಿದರು. ಅದೇ ತಾಯಂದಿರು ಅವನ ಹೊಸ ಮೊಬೈಲಿಗೆ ಫೋನ್ ಮಾಡಿ, ದನಿ ತಗ್ಗಿಸಿ, "ಸಂಪಿಗೆ ಮರ ಕರೆಂಟ್ ವೈರಿಗೆ ತಾಗ್ತಾ ಇದೆ ಕಣಪ್ಪ. ಮಕ್ಳು ಸ್ಕೂಲಿಗೆ ಹೋದ್ಮೇಲೆ ಬಾ. ಕೂಗಬೇಡ" ಎನ್ನುತ್ತಿದ್ದರು. ಕೆಲಸವೇನೂ ಕಮ್ಮಿಯಾಗಲಿಲ್ಲ. ಪುಸ್ತಕದಿಂದ ಒಂದು ಕೊಂಬೆಯೂ ಉಳಿಯಲಿಲ್ಲ.

ಕಮ್ಮಿಯಾದದ್ದು ಬೇರೆ. ಮಗಳು ಗಾರ್ಮೆಂಟ್ಸಿಗೆ ಹೋಗುವುದರಿಂದ ಮೊಮ್ಮಗಳು ಕೋಕಿಲಾಳನ್ನು ಸ್ಕೂಲಿಗೆ ಬಿಡುವುದು ಕೆಂಚಪ್ಪನ ಪಾಲಿನದು. ಎರಡನೇ ಕ್ಲಾಸು. ಸೈಕಲ್ಲಿನ ಮುಂದಿನ ಬಾರಿನ ಮೇಲೆ ಟವಲು ಸುತ್ತಿ ಮಾಡಿದ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಬೆಲ್ಲು ಬಾರಿಸುವುದು ಅವಳ ಹಕ್ಕು. ಒಂದು ದಿನ ಹಾಲಿನ ಬೂತ್ ಹತ್ತಿರ ಬರುತ್ತಲೇ, "ಇಲ್ಲೇ ಇಳಿಸು ತಾತ, ಇಲ್ಲಿಂದ ನಾನೇ ಹೋಗ್ತೀನಿ" ಎಂದಳು. ಮಾರನೇ ದಿನವೂ ಹಾಗೆಯೇ. ಅದರ ಮಾರನೇ ದಿನ ಅವಳು ಮರೆತ ಊಟದ ಡಬ್ಬಿಯನ್ನು ಹಿಡಿದು ಅವನು ಗೇಟಿನ ತನಕ ಹೋದ. ಯಾವುದೋ ಹುಡುಗಿ ಕೇಳುತ್ತಿದ್ದಳು: "ಏಯ್, ಮರಕಡುಕ ನಿಮ್ ತಾತನಾ?"

"ಇಲ್ಲ ಕಣೇ. ಪಕ್ಕದ್ಮನೆಯವರು" ಎಂದಳು ಕೋಕಿಲಾ.

ಕೆಂಚಪ್ಪ ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು, ಪಕ್ಕದ ಮನೆಯವನಂತೆಯೇ ಸೈಕಲ್ ತಿರುಗಿಸಿಕೊಂಡು ಹೋದ. ಆ ದಿನ ಬಸವೇಶ್ವರನಗರಕ್ಕೆ ಬೆಲ್ಲು ಮಾತ್ರ ಕೇಳಿತು, ಹಾಡು ಕೇಳಲಿಲ್ಲ. ನಾಟಕದಲ್ಲಿ ರಾಕ್ಷಸ ಸತ್ತ ಮೇಲೆ ಬಣ್ಣ ತೊಳೆಯಲು ಒಂದು ಬಕೆಟ್ ನೀರು, ಒಂದಿಷ್ಟು ಕೊಬ್ಬರಿ ಎಣ್ಣೆ ಇಟ್ಟಿರುತ್ತಿದ್ದರು. ಪುಸ್ತಕದ ಬಣ್ಣ ಹೇಗೆ ತೊಳೆಯುವುದು ಎಂದು ಅವನಿಗೆ ತಿಳಿಯಲಿಲ್ಲ. ಮಗು ಎಲ್ಲರೆದುರು ಮತ್ತೆ ಒಂದು ಸಲ 'ತಾತ' ಎಂದರೆ ಸಾಕಾಗಿತ್ತು. ಅದನ್ನು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ.

ಜುಲೈಯಲ್ಲಿ ಅದೇ ಸ್ಕೂಲಿನಿಂದ ಫೋನು. ವನಮಹೋತ್ಸವಕ್ಕೆ ಸ್ಟೇಜು ಹಾಕುತ್ತಿದ್ದರು. ಅಂಗಳದ ಮಳೆಮರದ ಎರಡು ಕೊಂಬೆಗಳು 'ಮರ ಉಳಿಸಿ' ಎಂಬ ಬ್ಯಾನರಿಗೆ ಅಡ್ಡ ಬರುತ್ತಿದ್ದವು. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಕೆಂಚಪ್ಪ ಮರ ಹತ್ತಿದ. ಕೆಳಗೆ ನಿಂತು ನೋಡುತ್ತಿದ್ದ ಹೆಡ್ಮಿಸ್ಸು ಭುವನೇಶ್ವರಿಯವರು ಕೈಯಲ್ಲಿದ್ದ ಪುಸ್ತಕದ ಆರನೇ ಪುಟವನ್ನೊಮ್ಮೆ, ಕೊಂಬೆಯ ಮೇಲಿದ್ದವನನ್ನೊಮ್ಮೆ ನೋಡಿದರು.

"ಏನ್ರೀ, ಇದು ನೀವೇನಾ? ದೇವರು ಕಳಿಸಿದ ಹಾಗೆ ಬಂದ್ರಿ! ಈ ಕಥೇನೇ ಮಕ್ಕಳ ಕೈಲಿ ನಾಟಕ ಮಾಡಿಸ್ತಾ ಇದೀವಿ. ಮರಕಡುಕನ ಪಾರ್ಟು ಮಾಡಬೇಕಿದ್ದ ಡ್ರಿಲ್ ಮಾಸ್ಟರಿಗೆ ಮದ್ರಾಸ್ ಐ ಬಂದು ಮಲಗಿದಾರೆ. ನೀವು ಮಾಡ್ತೀರಾ?"

ಕೊಂಬೆಯ ಮೇಲೆ ಕೆಂಚಪ್ಪನ ಎದೆ ಹಿಗ್ಗಿತು. "ಹಾಡು ಎಷ್ಟ್ ಅವೆ ಮೇಡಂ?"

"ಹಾಡಿಲ್ಲ. ಕೊಡಲಿ ಎತ್ಕೊಂಡು ಬರಬೇಕು, ಮರ ಅಳತ್ತೆ, ನಿಮಗೆ ಬುದ್ಧಿ ಬರತ್ತೆ, ಮರದ ಕಾಲಿಗೆ ಬಿದ್ದು ಕ್ಷಮಿಸು ಅನ್ನಬೇಕು. ಮರ ಎರಡನೇ ಕ್ಲಾಸಿನ ಕೋಕಿಲಾ. ಪಾಪ, ಅಲ್ಲಾಡದೇ ನಿಂತ್ಕೊಳ್ಳೋಕೆ ಅವಳೊಬ್ಬಳೇ ಒಪ್ಪಿದ್ದು."

ಕೆಂಚಪ್ಪ ಕೆಳಗಿಳಿದು ಬಂದು ಟವಲಿನಿಂದ ಮುಖ ಒರೆಸಿಕೊಂಡ. ಆಗಲಿ ಎಂದ. ಕೋಕಿಲಾ ತನ್ನ ಮೊಮ್ಮಗಳು ಎಂದು ಮಾತ್ರ ಹೇಳಲಿಲ್ಲ. ಪಕ್ಕದ ಮನೆಯವನು ಹೇಗೆ ಹೇಳುತ್ತಾನೆ?

ಸಂಜೆ ಮನೆಯಲ್ಲಿ ಸುದ್ದಿ ಕೇಳಿ ಕೋಕಿಲಾಳ ಮುಖ ಸಣ್ಣದಾಯಿತು. ಬೆರಳಿನಿಂದ ಚಾಪೆಯ ಅಂಚು ಕೀಳುತ್ತಾ, "ಬಾ. ಆದ್ರೆ ಅಲ್ಲಿ ನನ್ನ ಗೊತ್ತಿರೋ ಥರ ಆಡ್ಬೇಡ ತಾತ" ಎಂದಳು.

"ಬಣ್ಣ ಹಚ್ಚಿದ ಮ್ಯಾಲೆ ಯಾರಿಗೆ ಯಾರೂ ಅಲ್ಲ ಕಣವ್ವ" ಎಂದ ಕೆಂಚಪ್ಪ.

ಮುನಿತಾಯಮ್ಮನ ಚಿಂತೆ ಬೇರೆ. "ಮೊಮ್ಮಗಳ ಕಾಲಿಗೆ ಬೀಳ್ತೀಯಾ? ದೊಡ್ಡೋರು ಚಿಕ್ಕೋರ ಕಾಲು ಮುಟ್ಟಿದ್ರೆ ಮಗೀನ ಆಯಸ್ಸು ಕಮ್ಮಿ ಆಯ್ತದೆ, ಗೊತ್ತಿಲ್ವಾ? ಏನು ಬುದ್ಧಿ ಕಲಿಸ್ತಾರೋ ಈ ಸ್ಕೂಲ್ನೋರು!"

"ನಾನು ಬೀಳೋದು ಮರದ ಕಾಲಿಗೆ ಕಣೇ."

"ಮರದೊಳಗೆ ಇರೋದು ನಿನ್ನ ಮಗಳ ಮಗಳು. ಒಂದು ಮೊಳ ಈಚೆಗೇ ನೆಲ ಮುಟ್ಟಿ ಎದ್ದುಬಿಡು. ನನ್ನಾಣೆ ಐತೆ."

ಕೋಕಿಲಾ ಚಾಪೆ ಕೀಳುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ವನಮಹೋತ್ಸವದ ದಿನ ಅಂಗಳ ತುಂಬಿತ್ತು. ಚಿತ್ರಕಾರರೆಂದು ನಾಗಭೂಷಣ್ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದರು. ಸ್ಟೇಜಿನ ನಡುವೆ ಕೋಕಿಲಾ ಮರವಾಗಿ ನಿಂತಿದ್ದಳು. ಕಂದು ಬಣ್ಣದ ರಟ್ಟಿನ ಕೊಳವೆ. ಮೈತುಂಬ, ತಲೆತುಂಬ ನಿಜವಾದ ಸೊಪ್ಪು. ಶನಿವಾರ ಕಡಿದ ಕೊಂಬೆಗಳನ್ನು ಮಿಸ್ಸು ಹಾಳು ಮಾಡಿರಲಿಲ್ಲ. ಎರಡು ದಿನಕ್ಕೇ ಬಾಡಿ ಜೋತುಬಿದ್ದ ಎಲೆಗಳ ನಡುವೆ ಮಗುವಿನ ಮುಖ ಒಂದು ಕಾಯಿಯಷ್ಟು ಮಾತ್ರ ಕಾಣುತ್ತಿತ್ತು.

ಕೆಂಚಪ್ಪ ಒಳಗೆ ಬಂದ. ಬಂದದ್ದು ಎನ್ನುವುದಕ್ಕಿಂತ ಇಳಿದದ್ದು ಎನ್ನಬೇಕು. ಹಲಗೆಗಳ ಮೇಲೆ ಧಿಮ್ ಎಂದು ಕಾಲಿಟ್ಟು, ಕೊಡಲಿಯನ್ನು ಗದೆಯಂತೆ ಹೆಗಲಿಗೇರಿಸಿ, "ಭಲಾ! ಈ ಧರಣಿಮಂಡಲದಲ್ಲಿ ನನ್ನನ್ನು ತಡೆಯುವ ಗಂಡು ಯಾವನಿದ್ದಾನೆ?" ಎಂದು ಗರ್ಜಿಸಿದ. ಈ ಮಾತು ಮಿಸ್ಸು ಬರೆದುಕೊಟ್ಟದ್ದಲ್ಲ. ನರ್ಸರಿಯ ಸಾಲಿನಲ್ಲಿ ಅಳು ಶುರುವಾಯಿತು. ಹಿಂದೆ ನಿಂತಿದ್ದ ತಂದೆಯೊಬ್ಬರು ಮೈಮರೆತು ಸಿಳ್ಳೆ ಹಾಕಿದರು. ಎಷ್ಟು ವರ್ಷಗಳಾಗಿತ್ತು ಸಿಳ್ಳೆ ಕೇಳಿ! ಕೆಂಚಪ್ಪ ಸ್ಟೇಜನ್ನು ಮೂರು ಸುತ್ತು ಸುತ್ತಿದ. ಒಂದು ಸುತ್ತು ಸಾಕಿತ್ತು.

ಮರ ತನ್ನ ಮಾತು ಹೇಳಿತು, ನಡುಗುತ್ತಲೇ: "ನನ್ನನ್ನು ಕಡಿಯಬೇಡ, ನಾನು ನಿನಗೆ ನೆರಳು ಕೊಡುವೆ."

ಇನ್ನು ಬುದ್ಧಿ ಬರುವ ಘಳಿಗೆ. ರಾಕ್ಷಸನಿಗೆ ಬುದ್ಧಿ ಬಂದರೆ ಅದೂ ರಾಕ್ಷಸನ ಅಳತೆಯಲ್ಲೇ ಬರಬೇಕಲ್ಲ. ಕೆಂಚಪ್ಪ ಕೊಡಲಿಯನ್ನು ಎಸೆದ, ಎದೆ ಬಡಿದುಕೊಂಡ, "ಅಯ್ಯೋ ಪಾಪಿಯೇ!" ಎಂದು ಹಳೆಯ ಕಂಠದಲ್ಲಿ ಒಂದು ಆಲಾಪ ತೆಗೆದು, ಉದ್ದಂಡ ಬಿದ್ದ. ಮುನಿತಾಯಮ್ಮನ ಆಣೆ, ಒಂದು ಮೊಳದ ಲೆಕ್ಕ, ಯಾವುದೂ ನೆನಪಿರಲಿಲ್ಲ. ಅವನ ಎರಡೂ ಕೈ ರಟ್ಟಿನ ಬುಡದಲ್ಲಿದ್ದ ಪುಟ್ಟ ಪಾದಗಳ ಕಡೆಗೆ ಚಾಚಿದವು.

"ತಾತಾ! ಬೇಡ! ನನ್ನ ಕಾಲು ಮುಟ್ಬೇಡ ತಾತಾ!"

ಮೈಕು ಅವಳ ತಲೆಯ ಮೇಲೆಯೇ ತೂಗುತ್ತಿತ್ತು. 'ತಾತಾ' ಅಂಗಳವನ್ನೆಲ್ಲ ತುಂಬಿ, ಕಾಂಪೌಂಡ್ ದಾಟಿ, ರಸ್ತೆಯ ಆಚೆಯ ಹಾಲಿನ ಬೂತಿನವರೆಗೂ ಹೋಯಿತು. ಮರ ಹಿಂದೆ ಹಿಂದೆ ಸರಿಯಿತು. ಅಷ್ಟಕ್ಕೂ ಸಮಾಧಾನವಾಗದೆ, ಆದ ತಪ್ಪನ್ನು ಸರಿಮಾಡಲೆಂಬಂತೆ ಸುತ್ತಿ ಬಂದು, ರಟ್ಟನ್ನು ಮುರಿದುಕೊಂಡು ಬಗ್ಗಿ, ಬಿದ್ದಿದ್ದ ಮರಕಡುಕನ ಪಾದ ಹುಡುಕಿ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡಿತು. ಸೊಪ್ಪೆಲ್ಲ ಅವನ ಬೆನ್ನಿನ ಮೇಲೆ ಉದುರಿತು.

ಆಮೇಲೆ ಚಪ್ಪಾಳೆ. ಕೆಂಚಪ್ಪ ಏಳಲಿಲ್ಲ. ಸತ್ತ ಪಾತ್ರ ಮಾಡಿ ಅಭ್ಯಾಸವಿದ್ದವನು. ಹಲಗೆಗೆ ಮುಖವಿಟ್ಟು ಹಾಗೇ ಮಲಗಿ, ಕಣ್ಣು ಒರೆಸಿಕೊಂಡ ಮೇಲೆ ಎದ್ದ.

ಕಾರ್ಯಕ್ರಮ ಮುಗಿದ ಮೇಲೆ ಭುವನೇಶ್ವರಿಯವರು ಅವನನ್ನು ಸ್ಟೇಜಿನ ಪಕ್ಕಕ್ಕೆ ಕರೆದರು. "ಎಲ್ಲಾ ಉಲ್ಟಾ ಆಯ್ತಲ್ರೀ! ಮರ ಬಂದು ಮರ ಕಡಿಯೋನ ಕಾಲಿಗೆ ಬಿದ್ರೆ ಮಕ್ಕಳಿಗೆ ಏನು ಮೆಸೇಜ್ ಹೋಗತ್ತೆ? ಮೊಮ್ಮಗಳು ಅಂತ ಮೊದಲೇ ಹೇಳಬಾರದಿತ್ತಾ?"

"ಬಣ್ಣ ಹಚ್ಚಿದ ಮ್ಯಾಲೆ ಯಾರಿಗೆ ಯಾರೂ ಅಲ್ಲ ಅಂದ್ಕಂಡಿದ್ದೆ ಮೇಡಂ" ಎಂದ ಕೆಂಚಪ್ಪ. ಅವನ ಕಣ್ಣು ಗೇಟಿನ ಬಳಿ ಗುಂಪುಗೂಡಿದ್ದ ಮಕ್ಕಳ ಕಡೆಗಿತ್ತು. ಆ ಗುಂಪಿನ ನಡುವೆ ತಲೆಯಲ್ಲಿ ಇನ್ನೂ ಎರಡು ಎಲೆ ಉಳಿದಿದ್ದ ಕೋಕಿಲಾ ಕೈ ಬೀಸಿ ಬೀಸಿ ಏನನ್ನೋ ವಾದಿಸುತ್ತಿದ್ದಳು.

ನಾಗಭೂಷಣ್ ಶಾಲು ಸರಿಮಾಡಿಕೊಳ್ಳುತ್ತಾ ಬಂದರು. "ಕೆಂಚಪ್ಪ, ಪುಸ್ತಕದ ಎರಡನೇ ಭಾಗ ಬರ್ತಾ ಇದೆ. ಮರಕಡುಕ ಒಳ್ಳೆಯವನಾಗಿ ಗಿಡ ನೆಡ್ತಾನೆ. ನಾಳೆ ಮನೆ ಹತ್ರ ಬರ್ತೀರಾ? ಮುಖ ಸ್ವಲ್ಪ ಸಪ್ಪಗಿರಬೇಕು. ಆಮೇಲೆ ಆ ಮೀಸೆ... ತೆಗೆಸಿಬಿಟ್ರೆ ಚೆನ್ನಾಗಿರತ್ತೆ."

"ಮೀಸೆ ಯಾಕ್ ಸಾ ತೆಗೀಬೇಕು?"

"ಒಳ್ಳೆಯವನಾದ್ನಲ್ಲ."

"ಒಳ್ಳೇರಿಗೆ ಮೀಸೆ ಇರಾಕಿಲ್ವಾ ಸಾ?"

"ಚಿತ್ರಪುಸ್ತಕದಲ್ಲಿ ಇರಲ್ಲ" ಎನ್ನುತ್ತಾ ನಾಗಭೂಷಣ್ ತಮ್ಮ ನುಣ್ಣನೆಯ ಗಲ್ಲವನ್ನು ಸವರಿಕೊಂಡರು.

"ಅದು ಆಮೇಲೆ ನೋಡೋಣ ಸಾರ್" ಎಂದು ಭುವನೇಶ್ವರಿಯವರು ನಡುವೆ ಬಂದು ದನಿ ತಗ್ಗಿಸಿದರು. "ಕೆಂಚಪ್ಪನೋರೇ, ನನ್ನ ರೂಮಿನ ಕಿಟಕಿಗೆ ಇನ್ನೊಂದು ಕೊಂಬೆ ಅಡ್ಡ ಬರ್ತಾ ಇದೆ. ಮಕ್ಕಳೆಲ್ಲ ಹೊರಟ ಮೇಲೆ, ಯಾರಿಗೂ ಕಾಣದ ಹಾಗೆ, ಸ್ವಲ್ಪ..."

"ತಾತಾ!" ಗೇಟಿನಿಂದ ಕೂಗು ಬಂತು, ಈ ಸಲ ಮೈಕಿಲ್ಲದೆ. "ಬೇಗ ಬಾ ತಾತಾ! ಮೀಸೆ ಅಂಟಿಸಿರೋದು ಅಂತಾರೆ ಇವ್ರು! ಎಳೆದು ನೋಡ್ಬೇಕಂತೆ!"

"ಸ್ವಲ್ಪ ಸವರಿಬಿಟ್ರೆ..." ಎಂದು ಮಿಸ್ಸು ಹೇಳುತ್ತಲೇ ಇದ್ದರು. ಕೆಂಚಪ್ಪ ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಮೀಸೆಯ ಎರಡೂ ತುದಿಯನ್ನು ಹುರಿ ಮಾಡುತ್ತಾ, ಗೇಟಿನ ಕಡೆಗೆ ನಡೆದುಬಿಟ್ಟ.