ಗೇರು ಮರದ ಏರಿಯಲ್

ನನ್ನ ಗಂಡನಿಗೆ ರೇಡಿಯೋದ ಹುಚ್ಚು. ಕೇಳುವ ರೇಡಿಯೋ ಅಲ್ಲ, ದೂರದೂರಿನವರೊಂದಿಗೆ ತಾನೇ ಮಾತಾಡುವ ಹವ್ಯಾಸಿ ರೇಡಿಯೋ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಐವರ್ನಾಡಿನ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ಮಿಲಿಟರಿಯ ಹಳೆಯ ಸೆಟ್ಟು ಕಾರಿನ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಊರವರು ಅವರನ್ನು ಅರೆಮರುಳ ಎನ್ನುತ್ತಿದ್ದರು. ಉಳಿದರ್ಧ ನನಗೆ ಗೊತ್ತಿತ್ತು.

ನಮ್ಮ ಮನೆ ಗುಂಡಿಯಲ್ಲಿ, ಸುತ್ತ ಗುಡ್ಡ. ಅಲ್ಲಿಂದ ಸ್ವರ ದೂರ ಹೋಗುತ್ತಿರಲಿಲ್ಲ. ಮೋರ್ಸ್ ಸಂಕೇತದ ಟಕಟಕ ಮಾತ್ರ ಹೇಗೋ ದಾಟುತ್ತಿತ್ತು. ಕಡಲಾಚೆಯ ಮೊಂಬಾಸಾದಲ್ಲಿ ಇವರಿಗೊಬ್ಬ ಗೆಳೆಯರಿದ್ದರು, ಚಿಕ್ಕಂದಿನಲ್ಲೇ ಪುತ್ತೂರು ಬಿಟ್ಟು ರೈಲ್ವೆ ಕೆಲಸಕ್ಕೆ ಹೋದವರು. ಇವರು ಒಮ್ಮೆಯೂ ಅವರ ಮುಖ ಕಂಡಿಲ್ಲ, ಸ್ವರ ಕೇಳಿಲ್ಲ. ಒಂದು ದಿನ ಆ ಟಕಟಕದಲ್ಲೇ ಸುದ್ದಿ ಬಂತು. ಅವರ ಗಂಟಲಲ್ಲಿ ಗಡ್ಡೆ. ಸೋಮವಾರ ಸ್ವರಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಹೆಂಡತಿ ತೀರಿಹೋದ ಮೇಲೆ ಅಲ್ಲಿ ತುಳು ಮಾತಾಡಲು ಜನವೇ ಇಲ್ಲ. ಭಾನುವಾರ ಮಧ್ಯಾಹ್ನ ಒಮ್ಮೆ ಬಾಯಿಬಿಟ್ಟು ತುಳು ಮಾತಾಡಬೇಕು ಎಂದಿದ್ದರು.

ಇವರು ಆ ವಾರವೆಲ್ಲ ಸರಿಯಾಗಿ ಮಲಗಲಿಲ್ಲ. ಸೆಟ್ಟನ್ನು ಮನೆಯ ಮೇಲಿನ ಪದವಿಗೆ, ಗುಡ್ಡದ ನೆತ್ತಿಯ ಬಯಲಿಗೆ, ಒಯ್ಯಬೇಕು, ಏರಿಯಲ್ ಹೆಗಲಲ್ಲಿ ಹೊರುವಷ್ಟು ಹಗುರ ಇರಬೇಕು. ಹತ್ತು ಮೀಟರಿನ ತರಂಗಕ್ಕೆ ಗಿಡ್ಡ ತಂತಿ ಸಾಕಂತೆ. ಅಡಿಕೆಗೆ ಮದ್ದು ಬಿಡುವ ಹಳೆಯ ಬಿದಿರುಕೋಲಿನ ಉದ್ದಕ್ಕೂ ತಾಮ್ರದ ತಂತಿ ಸುತ್ತಿ ಕಟ್ಟಿದರು. ಅಂಗಳದಲ್ಲಿ ಪರೀಕ್ಷೆ ಮಾಡಿದಾಗ ಸೆಟ್ಟಿನ ಪುಟ್ಟ ಬಲ್ಬು ಝಗ್ಗೆಂದು ಉರಿಯಿತು. ಬಲ್ಬು ಉರಿದರೆ ಏರಿಯಲಿಗೆ ಶಕ್ತಿ ಹೋಗುತ್ತಿದೆ ಎಂದರ್ಥ. ಇವರ ಮುಖವೂ ಬೆಳಗಿತು. ಆ ಖುಷಿಯಲ್ಲಿ, ಶಕ್ತಿ ಸೋರದಂತೆ ತಂತಿಯ ಕೊನೆಗೆ ಕಟ್ಟುವ ಪಿಂಗಾಣಿ ಗುಬ್ಬಿಗಳನ್ನು ಭಾರವೆಂದು ಮನೆಯಲ್ಲೇ ಬಿಟ್ಟರು.

ಭಾನುವಾರ ಪದವು ಹತ್ತಿ ಕೋಲು ನಿಲ್ಲಿಸುವಾಗ ಒಂದು ಮಳೆ ಹೊಯ್ದು ಹೋಯಿತು. ಸೆಟ್ಟಿನ ಮೇಲೆ ಕೊಡೆ ಹಿಡಿದು ನಾನು ಒದ್ದೆಯಾದೆ. ಬಲ್ಬು ಮಂಕಾಗಿ ಮಿಣುಕಿತು. ಅತ್ತಲಿಂದ ಗೊಗ್ಗರು ಸ್ವರವೊಂದು ತುಳುವಿನಲ್ಲಿ ಕರೆಯುತ್ತಲೇ ಇತ್ತು. ಇವರು ಎಷ್ಟು ಕೂಗಿದರೂ ಅದಕ್ಕೆ ಕೇಳಿಸುತ್ತಿಲ್ಲ.

ಇವರು ಕೋಲನ್ನು ಸವರಿ ಅಂಗೈ ನೋಡಿದರು. ನೀಲಿ. ವರ್ಷವರ್ಷ ಮೈಲುತುತ್ತಿನ ನೀರು ಕುಡಿದ ಬಿದಿರು ಅದು. ಒಣಗಿದ್ದಾಗ ಸಾಧುವಾಗಿತ್ತು, ಮಳೆ ಬಿದ್ದದ್ದೇ ತಂತಿಯ ಶಕ್ತಿಯನ್ನೆಲ್ಲ ಹೀರತೊಡಗಿತು.

"ತಂತಿ ಬಿಚ್ಚಿ ಗೇರು ಮರಕ್ಕೆ ಕಟ್ಟುದು," ಎಂದರು. "ಆದ್ರೆ ಕೊನೆಗೆ ಎಂತ ಹಾಕುದು? ಹಗ್ಗ ಮಳೆಗೆ ನೆನೆದು ಚಂಡಿ ಉಂಟು. ಪಿಂಗಾಣಿ ಮನೇಲಿ ಉಂಟು."

"ಗಾಜು ಆಗ್ತದಾ?" ಎಂದು ನಾನು ಬಳೆ ಎಳೆಯತೊಡಗಿದೆ.

"ಬೇಡ ಮಾರಾಯ್ತಿ, ನಾನಿನ್ನೂ ಬದುಕಿದ್ದೇನೆ!"

"ಪೂರಾ ತೆಗಿಲಿಕ್ಕೆ ಉಂಟಾ? ಒಂದೊಂದು ಕೈಯಿಂದ ಒಂದೊಂದೇ. ಬಾಯಿ ಮುಚ್ಚಿ ಕಟ್ಟಿ."

ಕೈ ತರಚಿ ರಕ್ತ ಬಂತು. ಎರಡು ಬಳೆ ಎರಡು ಕೊನೆಗೆ ಸಿಕ್ಕಿಸಿ, ತಂತಿಯನ್ನು ಎರಡು ಗೇರು ಮರಗಳ ನಡುವೆ ಎಳೆದು ಕಟ್ಟಿದೆವು. ಬಲ್ಬು ಉರಿಯಿತು. ಇವರು ಕರೆದರು. ಅತ್ತಲಿಂದ ಆ ಗೊಗ್ಗರು ಸ್ವರ ನಕ್ಕಿತು.

ಸೋಮವಾರದ ಮಾತು, ಹೆದರಿಕೆಯ ಮಾತು, ಸಮಾಧಾನದ ಮಾತು ಬರುತ್ತದೆಂದು ನಾನು ಸೆರಗು ಹಿಡಿದು ಕೂತಿದ್ದೆ. ಮೊಂಬಾಸಾದವರು ಕೇಳಿದ್ದು, "ವನಸ್ ಆಂಡಾ?" ಊಟ ಆಯ್ತಾ ಎಂದು.

"ಆಂಡ್, ಆಂಡ್," ಎಂದರು ಇವರು, ಬೆಳಗ್ಗಿನಿಂದ ಗಂಜಿಯನ್ನೂ ಮುಟ್ಟದವರು. "ಈರೆನ?" ನಿಮ್ಮದು ಎಂದು.

ತಾನು ಮಾಡಿದ ಮೀನುಸಾರಿಗೆ ಏನೇನು ಹಾಕಿದೆ ಎಂದು ಅವರು ವಿವರವಾಗಿ ಹೇಳಿದರು. ಹುಳಿ ಹೆಚ್ಚಾಯಿತಂತೆ. ಅಷ್ಟರಲ್ಲಿ ಸ್ವರ ಸಣ್ಣದಾಗುತ್ತಾ ಬಂದು ಗೊರಗೊರ ಸದ್ದಿನಲ್ಲಿ ಮುಳುಗಿತು. ಇವರು ಮೈಕು ಕೆಳಗಿಡಲಿಲ್ಲ. ಮುಂದಿನ ಸಲ ಹುಳಿ ಕಡಿಮೆ ಹಾಕಿ ಎಂದು, ಯಾರೂ ಕೇಳದ ಆ ಮೈಕಿಗೆ ತುಳುವಿನಲ್ಲಿ ಹೇಳುತ್ತಾ ಅಳುತ್ತಿದ್ದರು.