ಆಪರೇಟರ್ ಮಾಮಾ ಮತ್ತು ಗೇಣುದ್ದದ ರೀಲು

ಹೋದ ತಿಂಗಳು ಒಂದು ಮಧ್ಯಾಹ್ನ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಪೇಪರು ಓದುತ್ತಿದ್ದೆ. ಅವಳು ಶೀಸೆಯ ಬಿರಡೆ ತೆಗೆದ ಕೂಡಲೇ ಆ ವಾಸನೆ ಬಂತು. ಅತಿಯಾಗಿ ಹಣ್ಣಾದ ಬಾಳೆಹಣ್ಣಿಗೆ ಸ್ಪಿರಿಟ್ ಬೆರೆಸಿದಂಥ, ಮೂಗಿನ ತುದಿ ಚುರುಕ್ಕೆನ್ನಿಸುವ ವಾಸನೆ. ಸಿನಿಮಾದ ರೀಲು ಹರಿದಾಗ ಎರಡು ತುದಿಗಳನ್ನು ಕೂಡಿಸಲು ಹಚ್ಚುತ್ತಿದ್ದ ಅಂಟಿಗೂ ಇದೇ ವಾಸನೆಯಿತ್ತು. ಅದನ್ನು ಮೂಸಿ ಅರವತ್ತು ವರ್ಷ ದಾಟಿತು... ಪೇಪರು ಮಡಿಚಿಟ್ಟು ಅಂಗಳಕ್ಕೆ ಹೋದೆ. ಒಳಗೆ ಬಂದೆ. ಮತ್ತೆ ಅಂಗಳಕ್ಕೆ ಹೋದೆ.

"ಯಾಕ ಅಜ್ಜಾ, ಏನರ ಕಳಕೊಂಡೀಯೇನು?" ಎಂದಳು ಮೊಮ್ಮಗಳು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೀಪಾವಳಿ ಕಳೆದ ಮೇಲೆ ಒಂದು ಟೂರಿಂಗ್ ಟಾಕೀಸು ಶಿಗ್ಗಾಂವಿಯಲ್ಲಿ ಡೇರೆ ಹಾಕುತ್ತಿತ್ತು. ಅಲ್ಲಿ ಜನ ತೆಳುವಾದ ಮೇಲೆ ನಮ್ಮ ಸವಣೂರಿಗೆ, ಇಲ್ಲಿಂದ ಹಾನಗಲ್ಲಿಗೆ, ಕೊನೆಗೆ ಹಿರೇಕೆರೂರಿಗೆ. ಮಳೆಗಾಲ ಬಂತೆಂದರೆ ಡೇರೆ ಸುತ್ತಿಕೊಂಡು ಮಾಯ. ಅದರ ಪ್ರೊಜೆಕ್ಟರ್ ನಡೆಸುತ್ತಿದ್ದವನನ್ನು ನಾವೆಲ್ಲ ಆಪರೇಟರ್ ಮಾಮಾ ಎನ್ನುತ್ತಿದ್ದೆವು. ಮದುರೆ ಕಡೆಯವನು, ಮೂವತ್ತರ ಆಸುಪಾಸು. ತನ್ನೂರಿನ ಬಟ್ಟೆ ಗಿರಣಿಯ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದನಂತೆ. ಮೊಣಕಾಲು ಮುರಿದ ಮೇಲೆ ಆಟವೂ ಹೋಯಿತು, ಗಿರಣಿಯೂ ಹೋಯಿತು, ಸಿನಿಮಾ ಹಿಡಿದ. ಊರೂರು ತಿರುಗಿ ಕಲಿತ ಅವನ ಕನ್ನಡದಲ್ಲಿ ನಮ್ಮ ಕಡೆಯ 'ರಿ' ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತ್ತು. ಮಕ್ಕಳಿಗೂ ರಿ, ನಾಯಿಗೂ ರಿ.

ಡೇರೆಯಲ್ಲಿ ಹೆಚ್ಚಾಗಿ ಹಿಂದಿ, ಮರಾಠಿ ಚಿತ್ರಗಳು. ಆದರೆ ತಿಂಗಳಿಗೊಂದು ವಾರ ತಮಿಳು ಚಿತ್ರ ಬರುತ್ತಿತ್ತು. ಒಂದಕ್ಷರ ತಿಳಿಯದ ನಾವು ಆ ವಾರಕ್ಕಾಗಿ ಕಾಯುತ್ತಿದ್ದೆವು. ಇದ್ದದ್ದು ಒಂದೇ ಪ್ರೊಜೆಕ್ಟರ್. ಪ್ರತಿ ರೀಲು ಮುಗಿದಾಗ ದೀಪ ಹತ್ತುತ್ತಿತ್ತು. ಆಗ ಮಾಮಾ ಹೊಸ ರೀಲು ಏರಿಸಿ, ಹೊರಗೆ ಬಂದು ಮುಂದಿನ ಕತೆ ಹೇಳುತ್ತಿದ್ದ. "ಈಗ ಅಣ್ಣ ತಂಗಿ ಬೇರೆ ಆಗ್ತಾರ್ರಿ. ಅಳೋರು ಈಗಲೇ ಸೆರಗು ತಗೊಳ್ರಿ." ಹೆಂಗಸರು ರೀಲು ಶುರುವಾಗುವ ಮೊದಲೇ ಅಳಲು ತೊಡಗುತ್ತಿದ್ದರು. ಒಮ್ಮೆ ನಮ್ಮ ಪಕ್ಕದ ಮನೆಯ ಮುದುಕಿ ಎದ್ದು ನಿಂತು, "ಏ ತಮ್ಮಾ, ಆ ತಾಯಿ ಸತ್ತಳೇನೋ?" ಎಂದು ಕೇಳಿದಳು. ಪರದೆಯ ಮೇಲೆ ಹೆಣಕ್ಕೆ ಹೂ ಹಾಕಿದ್ದನ್ನು ನಾವೆಲ್ಲ ನೋಡಿದ್ದೆವು. ಮಾಮಾ ಮುದುಕಿಯ ಮುಖ ನೋಡಿ, "ಇಲ್ರಿ ಅವ್ವಾ, ಮೈಯಲ್ಲಿ ಹುಷಾರಿಲ್ರಿ, ಮಲಗಿದಾರ್ರಿ" ಎಂದ. ಡೇರೆಗೆ ಡೇರೆಯೇ ನಕ್ಕಿತು. ಮುದುಕಿ ಸಮಾಧಾನದಿಂದ ಕುಳಿತಳು.

ಹಗಲೆಲ್ಲ ಅವನಿಗೆ ಕೆಲಸವಿರಲಿಲ್ಲ. ಸಾಲೆಯ ಮೈದಾನ ಡೇರೆಯ ಎದುರಿಗೇ, ರಸ್ತೆಯಾಚೆ. ನಮಗೆ ಫುಟ್‌ಬಾಲ್ ಎಂದರೆ ಹಳೆಯ ಅರಿವೆ ಸುತ್ತಿ ಸುತಳಿ ಬಿಗಿದ ಉಂಡೆ. ಎರಡು ದಿನ ನಮ್ಮಾಟ ನೋಡಿದ ಮಾಮಾ ಮೂರನೆಯ ದಿನ ತನ್ನ ಟ್ರಂಕಿನಿಂದ ನಿಜವಾದ ಚರ್ಮದ ಚೆಂಡು ತಂದ. ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬೂಟಿಗೆ ಕಟ್ಟಿದಂತೆ ಲೇಸು ಬಿಗಿದ. "ತಂಬಿ, ಎಲ್ಲರೂ ಬಾಲ್ ಹಿಂದೆ ಓಡಬ್ಯಾಡ್ರಿ. ನೀವು ಕುರಿ ಅಲ್ರಿ. ಜಾಗ ಹಿಡೀರಿ" ಎಂದು ಒಬ್ಬೊಬ್ಬರನ್ನೂ ತೋಳು ಹಿಡಿದು ನಿಲ್ಲಿಸಿದ. ನಾನು ಎಡಚ. ಎಡಗೈಯಲ್ಲಿ ಬರೆದದ್ದಕ್ಕೆ ಸಾಲೆಯಲ್ಲಿ ಗೆಣ್ಣಿನ ಮೇಲೆ ಎಷ್ಟು ಏಟು ತಿಂದಿದ್ದೆನೋ ಲೆಕ್ಕವಿಲ್ಲ. ನನ್ನ ಎಡಗಾಲಿನ ಒದೆತ ನೋಡಿ ಅವನು ಮಾತ್ರ ಚಪ್ಪಾಳೆ ತಟ್ಟಿದ. "ಇದು ಹತ್ತು ಜನಕ್ಕೆ ಒಬ್ಬನಿಗೆ ದೇವರು ಕೊಡೋದುರಿ!"

ಅವತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತರಗತಿಯಲ್ಲಿ ಬೆಂಚಿನ ಕೆಳಗೆ ಕಾಲು ತಾನೇ ಆಡುತ್ತಿತ್ತು. ಕೊನೆಯ ಪಿರಿಯಡ್ಡಿಗೆ ಕಿಟಕಿ ಹಾರುತ್ತಿದ್ದೆ. "ಎಲಿತ್ವಾಟಕ್ಕ ನೀರು ಬಿಡಬೇಕಾದಂವ ಸಿನಿಮಾದವನ ಬೆನ್ನು ಹತ್ತ್ಯಾನ" ಎಂದು ಅಪ್ಪ ಬೈಯುತ್ತಿದ್ದ. ನಮ್ಮದು ವೀಳ್ಯದೆಲೆಯ ತೋಟ. ಡೇರೆ ಹಾನಗಲ್ಲಿಗೆ ಹೋದಾಗ ಜ್ವರ ಬಂದವನಂತೆ ತಿರುಗಿದೆ. ಯಾಕೆಂದರೆ ಮಾಮಾ ಪ್ರತಿ ಊರಲ್ಲೂ ನಮ್ಮಂಥದೇ ಒಂದು ತಂಡ ಕಟ್ಟುತ್ತಿದ್ದ. ಮರುವರ್ಷ ಬಂದವನು ಸುದ್ದಿ ಹೇಳಿ ಹೊಟ್ಟೆ ಉರಿಸಿದ: "ಹಾನಗಲ್ ಗೋಲ್‌ಕೀಪರ್ ಬೆಕ್ಕುರಿ, ಬೆಕ್ಕು. ಹಿರೇಕೆರೂರಿಗೆ ಮಾಸೂರಿಂದ ಇಬ್ಬರು ಬರ್ತಾರ್ರಿ. ಮದಗದ ಕೆರೆಯಲ್ಲಿ ಈಜಿದ ಉಸಿರು, ಮುಗಿಯೋದೇ ಇಲ್ಲ."

ಆ ವರ್ಷ ಅವನೇ ನಾಲ್ಕೂ ಊರಿನ ಹೆಡ್ ಮಾಸ್ತರುಗಳ ಕೈಕಾಲು ಹಿಡಿದು ಒಂದು ಪಂದ್ಯಾವಳಿ ಗೊತ್ತುಮಾಡಿದ. ನಮ್ಮ ಮೈದಾನದಲ್ಲೇ, ಒಂದೇ ದಿನ. ಬೆಳಿಗ್ಗೆ ಎರಡು ಮ್ಯಾಚು, ಸಂಜೆ ಫೈನಲ್.

ಅದಕ್ಕೆ ಹನ್ನೆರಡು ದಿನ ಇರುವಾಗ ನಾನು ಆ ಕೆಲಸ ಮಾಡಿದೆ.

ಹರಿದ ರೀಲಿನ ತುಣುಕುಗಳನ್ನು ಮಾಮಾ ನಮಗೆ ಕೊಡುತ್ತಿದ್ದ. ಅವುಗಳಲ್ಲಿ ಇರುತ್ತಿದ್ದುದು ಬರೀ ಗೋಡೆ, ಗಿಡ, ಯಾರದೋ ಬೆನ್ನು. ನನಗೆ ಬೇಕಾಗಿದ್ದದ್ದು ಆ ವಾರದ ತಮಿಳು ಚಿತ್ರದ ಕುಣಿಯುವ ಹೆಂಗಸು. ಒಂದು ಮಧ್ಯಾಹ್ನ ಅವನು ಹೊರಗೆ ಚೆಂಡಿಗೆ ಎಣ್ಣೆ ಸವರುತ್ತಿದ್ದ. ನಾನು ಕ್ಯಾಬಿನ್ನಿಗೆ ನುಗ್ಗಿ, ರೀಲು ಬಿಚ್ಚಿ, ಅವನದೇ ಕತ್ತರಿಯಿಂದ ಒಂದು ಗೇಣು ಕತ್ತರಿಸಿ ಚಡ್ಡಿಯ ಕಿಸೆಗೆ ಹಾಕಿಕೊಂಡೆ.

ಮರುದಿನ ಗಣಿತದ ಪಿರಿಯಡ್ಡು. ಮಾಸ್ತರು ಬಿಳಿ ಕೋಟು ತೊಟ್ಟು, ನಮಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬಡ್ಡಿಯ ಲೆಕ್ಕ ಬರೆಯುತ್ತಿದ್ದರು. ಒಡೆದ ಹಂಚಿನಿಂದ ಬಿಸಿಲು ನೇರ ನಮ್ಮ ಬೆಂಚಿಗೆ ಬೀಳುತ್ತಿತ್ತು. ನಾನು ಕನ್ನಡಿ ಚೂರಿನಿಂದ ಬಿಸಿಲನ್ನು ತಿರುಗಿಸಿದೆ. ಪಕ್ಕದವನು ರೀಲಿನ ತುಂಡನ್ನೂ ಭೂತಗನ್ನಡಿಯನ್ನೂ ಅದಕ್ಕೆ ಅಡ್ಡ ಹಿಡಿದ. ಮಾಸ್ತರ ಬೆನ್ನಿನ ಮೇಲೆ ಕುಣಿಯುವ ಹೆಂಗಸು ಮೂಡಿದಳು. ನನ್ನ ಕೈ ನಡುಗಿದಂತೆ ಅವಳ ಸೊಂಟವೂ ನಡುಗಿತು. ಇಡೀ ಕ್ಲಾಸು ಹೋ ಎಂದಿತು. ಮಾಸ್ತರು ಗಕ್ಕನೆ ತಿರುಗಿದರು. ಈಗ ಅವಳು ಅವರ ಹೊಟ್ಟೆಯ ಮೇಲೆ ಕುಣಿಯುತ್ತಿದ್ದಳು.

ಹೆಡ್ ಮಾಸ್ತರು ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಎಲ್ಲಿಂದ ತಂದಿ?"

ಕದ್ದೆ ಎಂದರೆ ಸಾಲೆಯಿಂದ ಹೊರಗೆ. ಮ್ಯಾಚೂ ಇಲ್ಲ. ನನ್ನ ಬಾಯಿ ನನಗಿಂತ ಮೊದಲು ಓಡಿತು. "ಆಪರೇಟರ್ ಮಾಮಾ ಕೊಟ್ಟಾರ್ರಿ, ಸರ್."

"ಇಂಥಾ ಚಿತ್ರಾ ಸಾಲಿ ಹುಡುಗೂರ ಕೈಯಾಗ ಕೊಡತಾನ ಅಂವ?" ಎಂದು ಪ್ಯೂನನನ್ನು ಕಳಿಸಿದರು. ಮಾಮಾ ಬಂದ. ಮ್ಯಾಚಿನ ವಿಷಯಕ್ಕೆ ಕರೆದಿದ್ದಾರೆಂದು ತಿಳಿದು ನಗುತ್ತಲೇ ಬಂದಿದ್ದ. ಹೆಡ್ ಮಾಸ್ತರು ತುಂಡನ್ನು ಟೇಬಲ್ಲಿನ ಮೇಲೆ ಎಸೆದು, "ಇದನ್ನ ನೀನ ಕೊಟ್ಟೀಯೇನು?" ಎಂದರು. ಅವನು ಅದನ್ನೆತ್ತಿ ಎರಡೂ ತುದಿಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಹೌದು ಸಾರ್. ನಾನೇ ಕೊಟ್ಟೆನ್ರಿ. ತಂಬಿದು ತಪ್ಪಿಲ್ಲ ಸಾರ್. ಅವನು ಮ್ಯಾಚ್ ಆಡಲಿ."

ಮಾಮಾ ಇನ್ನು ಮೈದಾನದಲ್ಲಿ ಕಾಲಿಡಕೂಡದು ಎಂದು ಹುಕುಂ ಆಯಿತು. ಡೇರೆಯ ಮಾಲಕರಿಗೂ ಚೀಟಿ ಹೋಯಿತು. ಸುದ್ದಿ ಊರಲ್ಲಿ ಹರಡುವುದಕ್ಕೆ ಒಂದು ದಿನವೂ ಬೇಕಾಗಲಿಲ್ಲ. ನಾಲ್ಕು ದಿನದಲ್ಲಿ ಡೇರೆಯ ಹೆಂಗಸರ ಕಡೆ ಬರಿದಾಯಿತು. ಒಂದು ಸಂಜೆ ಪಕ್ಕದ ಮನೆಯ ಮುದುಕಿ ನಮ್ಮ ಕಟ್ಟೆಗೆ ಬಂದು, "ಅಂವ ಅಂಥಾಂವ ಅಲ್ಲ ಬಿಡವ್ವಾ" ಎಂದು ಅವ್ವನಿಗೆ ಹೇಳಿದಳು. "ಯಾರ ಹೊಟ್ಯಾಗ ಏನಿರತೈತೋ ಯಾರಿಗೆ ಗೊತ್ತು" ಎಂದಳು ಅವ್ವ. ನಾನು ಅಲ್ಲೇ ಕುಳಿತು ರೊಟ್ಟಿ ತಿನ್ನುತ್ತಿದ್ದೆ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ.

ಮ್ಯಾಚಿನ ದಿನ ಬೆಳಿಗ್ಗೆ ನಾವು ಶಿಗ್ಗಾಂವಿಯವರನ್ನು ಸೋಲಿಸಿದೆವು, ಹಾನಗಲ್ಲಿನವರು ಹಿರೇಕೆರೂರಿನವರನ್ನು. ಸಂಜೆ ಫೈನಲ್. ರಸ್ತೆಯಾಚೆ, ಎತ್ತು ಬಿಚ್ಚಿ ನಿಲ್ಲಿಸಿದ್ದ ಒಂದು ಚಕ್ಕಡಿಯ ಮೇಲೆ ಮಾಮಾ ನಿಂತಿದ್ದ. ಕೂಗಲಿಲ್ಲ, ಕೈ ಬೀಸಲಿಲ್ಲ. ಎರಡೂ ತಂಡಕ್ಕೆ ಕಲಿಸಿದವನು ಒಬ್ಬನೇ ಆದ್ದರಿಂದ ನಾವು ಹೂಡುವ ಆಟವೆಲ್ಲ ಅವರಿಗೆ ಗೊತ್ತು, ಅವರದು ನಮಗೆ ಗೊತ್ತು. ಕೊನೆಗೊಮ್ಮೆ ಚೆಂಡು ನನ್ನ ಎಡಗಾಲಿಗೆ ಸರಿಯಾಗಿ ಬಂತು. ಎದುರಿಗೆ ಆ ಗೋಲ್‌ಕೀಪರ್ ಒಬ್ಬನೇ. ಒದೆಯುವ ಮುಂಚೆ ಒಂದು ಸಲ ಚಕ್ಕಡಿಯ ಕಡೆ ನೋಡಿಬಿಟ್ಟೆ... ಅಷ್ಟರಲ್ಲಿ ಬೆಕ್ಕು ನನ್ನ ಕಾಲ ಬುಡಕ್ಕೇ ಹಾರಿ ಚೆಂಡನ್ನು ಅಪ್ಪಿಕೊಂಡಿತ್ತು.

ಗೋಲಿಲ್ಲದೆ ಆಟ ಮುಗಿಯಿತು. ಸೀಟಿ ಊದಿದ ಕೂಡಲೇ ಹಾನಗಲ್ಲಿನ ಹುಡುಗರು, ಹುಕುಂ ಗಿಕುಂ ಏನೂ ಗೊತ್ತಿಲ್ಲದವರು, ರಸ್ತೆ ದಾಟಿ ಚಕ್ಕಡಿಯ ಕಡೆ ಓಡಿದರು. ಅವರ ಹಿಂದೆ ಹಿರೇಕೆರೂರಿನವರು, ಶಿಗ್ಗಾಂವಿಯವರು, ಕೊನೆಗೆ ನಮ್ಮವರೂ. ಎಲ್ಲರೂ ಸೇರಿ ಅವನನ್ನು ಹೆಗಲ ಮೇಲೆ ಎತ್ತಿದರು. ಮೈದಾನದಲ್ಲಿ ನಾನೊಬ್ಬನೇ ಉಳಿದೆ.

ಎರಡು ದಿನಕ್ಕೆ ಮಾಲಕರು ಹೊಸ ಆಪರೇಟರನನ್ನು ಕರೆತಂದರು. ಅವತ್ತು ಬೆಳಿಗ್ಗೆ ನಾನು ಡೇರೆಗೆ ಓಡಿದೆ. ಮಾಮಾ ಟ್ರಂಕು ತುಂಬುತ್ತಿದ್ದ. ಗಾಳಿ ತೆಗೆದ ಚೆಂಡು ಅಂಗಿಗಳ ಮೇಲೆ ಚಪ್ಪಟೆಯಾಗಿ ಮಲಗಿತ್ತು.

"ಮಾಮಾ, ನಾ ಕದ್ದಿದ್ದೆ," ಎಂದೆ.

"ಗೊತ್ತುರಿ. ಕತ್ತರಿಸಿದ ಗೆರೆ ನನ್ನದರ ಹಾಗಲ್ಲ, ಆ ಕಡೆ ವಾಲಿತ್ತು. ಅಂಟು ಹಚ್ಚುವಾಗಲೇ ನೋಡಿದೆ. ಈ ಊರಲ್ಲಿ ಎಡಗೈ ಯಾರದು?"

"ಮತ್ಯಾಕ ಒಪ್ಪಿಕೊಂಡಿ?"

"ನಾನು ಊರೂರು ತಿರುಗೋನು. ಒಂದು ಊರು ಹೋದರೆ ಇನ್ನೊಂದುರಿ. ನಿನಗೆ ಇರೋದು ಒಂದೇ ಸ್ಕೂಲು."

"ಹೆಡ್ ಮಾಸ್ತರಿಗೆ ಹೇಳತೇನಿ. ಈಗ ಹೋಗಿ ಹೇಳತೇನಿ."

ಅವನು ಟ್ರಂಕಿನ ಚಿಲಕ ಹಾಕಿ ನನ್ನ ಮುಖ ನೋಡಿದ. ಬೇಡ ಎನ್ನಲಿಲ್ಲ. "ಹೇಳ್ರಿ ತಂಬಿ," ಎಂದ. ಅಷ್ಟೇ.

ಸಾಲೆಯ ಗೇಟಿನವರೆಗೆ ಹೋದೆ. ಗಂಟೆ ಬಾರಿಸಿತು. ಹುಡುಗರ ಜೊತೆ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತೆ. ಅವತ್ತು ಹೇಳಲಿಲ್ಲ. ನಾಳೆ ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ... ಹೆಡ್ ಮಾಸ್ತರು ವರ್ಗವಾಗಿ ಹೋದರು. ಕೆಲವು ವರ್ಷಕ್ಕೆ ತೀರಿಕೊಂಡರೆಂದೂ ಕೇಳಿದೆ.

ಆಮೇಲೆ ಅವನನ್ನು ಹುಡುಕಿದೆ. ರಟ್ಟೀಹಳ್ಳಿಯಲ್ಲಿ ಯಾವುದೋ ಡೇರೆ ಬಂದಿದೆ, ಆಪರೇಟರ್ ತಮಿಳಿನವನು ಎಂದು ಯಾರೋ ಅಂದರು. ಸೈಕಲ್ ತುಳಿದು ಹೋದೆ, ಬೇರೆ ಯಾರೋ. ನೌಕರಿ ಸಿಕ್ಕ ಮೇಲೆ ಒಮ್ಮೆ ಮದರಾಸಿಗೆ ಹೋಗಬೇಕಾಯಿತು. ಎರಡು ದಿನ, ಕಂಡ ಕಂಡ ಥೇಟರಿನಲ್ಲಿ ಕ್ಯಾಬಿನ್ನಿನ ಬಾಗಿಲಿಗೆ ಹೋಗಿ ನಿಂತೆ. ಒಬ್ಬ ಮುದುಕ ಕನಿಕರದಿಂದ, ಅವನ ಹೆಸರೇನು ಎಂದು ಕೇಳಿದ. ಎರಡು ವರ್ಷ ಮಾಮಾನ ಚೆಂಡು ಒದ್ದ ನಾನು ಅವನ ಹೆಸರು ಕೇಳಿರಲೇ ಇಲ್ಲ.

ಮೊಮ್ಮಗಳ ಉಗುರಿನ ಬಣ್ಣ ಒಣಗುವಷ್ಟರಲ್ಲಿ ನಾನು ನಿರ್ಧಾರ ಮಾಡಿದ್ದೆ. ಮರುದಿನ ಹಾನಗಲ್ಲಿನ ಬಸ್ಸು ಹತ್ತಿದೆ. ಆ ಗೋಲ್‌ಕೀಪರ್ ಇದ್ದಾನೆ, ನನ್ನ ಓರಗೆಯವನು. ಮದುವೆ ಮುಂಜಿಯಲ್ಲಿ ಭೇಟಿಯಾದಾಗ ಮಳೆ ಬೆಳೆ ಮಾತಾಡುತ್ತಿದ್ದೆವೇ ಹೊರತು ಇದನ್ನು ನಾನು ಎಂದೂ ಎತ್ತಿರಲಿಲ್ಲ. ಅವನ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಅವನು ಬಾಯಲ್ಲಿದ್ದ ಎಲೆ ಉಗುಳಿ ಬಂದು ಕುಳಿತ.

"ಅಂವ ನಿಮ್ಮೂರಿಂದ ಸೀದಾ ನಮ್ಮ ಮನಿಗೇ ಬಂದಿದ್ದ. ಎರಡು ದಿನ ಇದ್ದ."

"ನನ್ನ ಬಗ್ಗೆ ಏನರ ಅಂದನೇನು?"

"ಏನೂ ಅನ್ನಲಿಲ್ಲ. ಮಾಲಕನ ಕೂಡ ಹೊಂದಲಿಲ್ಲ ಅಂದ, ಅಷ್ಟ." ಆಮೇಲೆ ಮಾತಿನ ನಡುವೆ, ಏನೂ ವಿಶೇಷವಿಲ್ಲದಂತೆ, ಅವನ ಹೆಸರು ಹೇಳಿದ. ನಾನು ಬೆಚ್ಚಿಬಿದ್ದೆ. "ನಿನಗ ಹೆಂಗ ಗೊತ್ತು?" ಎಂದೆ. "ಮೊದಲನೇ ದಿನಾನ ನಮ್ಮಪ್ಪ ಕೇಳಿದ್ದ. ಮನಿಗೆ ಬಂದವರ ಹೆಸರು ಕೇಳಬೇಕಲ್ಲೋ."

ಕೆಲವು ವರ್ಷ ಕಾಗದ ಬರುತ್ತಿದ್ದವಂತೆ. ಕೊನೆಯದು ಬರೀ ತಮಿಳಿನಲ್ಲಿತ್ತು. ಹಾವೇರಿಗೆ ಒಯ್ದು, ತಮಿಳು ಬಲ್ಲವರಿಂದ ಓದಿಸಿದರಂತೆ. ಅವನ ಹೆಂಡತಿ ಬರೆಸಿದ್ದು: ಎದೆಯ ಬೇನೆಯಿಂದ ತೀರಿಕೊಂಡ ಎಂದು. ಅದೂ ಐವತ್ತು ವರ್ಷದ ಹಿಂದೆ. ನಾನು ಮದರಾಸಿನಲ್ಲಿ ಕ್ಯಾಬಿನ್ನಿನ ಬಾಗಿಲು ಬಾಗಿಲಿಗೆ ನಿಂತಾಗ ಅವನು ಬದುಕಿರಲೇ ಇಲ್ಲ...

ಊರಿಗೆ ಮರಳಿದೆ. ಆದರೆ ಮನೆಯಲ್ಲಿ ಕೂರಲಾಗಲಿಲ್ಲ. ಮರುದಿನ ಸಾಲೆಗೆ ಹೋದೆ. ಈಗಿನ ಹೆಡ್ ಮಾಸ್ತರು ಒಬ್ಬ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವರು. ಕುರ್ಚಿ ಕೊಟ್ಟು, ಚಹಾ ತರಿಸಿದರು. ಕಟ್ಟಡಕ್ಕೆ ದೇಣಿಗೆ ಕೊಡಲು ಬಂದಿದ್ದೇನೆಂದು ತಿಳಿದಿದ್ದರೋ ಏನೋ. ನಾನು ನಿಂತುಕೊಂಡೇ ಹೇಳಿದೆ: ರೀಲು ಕದ್ದದ್ದು, ಸುಳ್ಳು ಹೇಳಿದ್ದು, ಅವನನ್ನು ಮೈದಾನದಿಂದ ಹೊರಗೆ ಹಾಕಿಸಿದ್ದು. ಅವನ ಹೆಸರನ್ನೂ ಹೇಳಿದೆ. ಇಲ್ಲಿ ಮಾತ್ರ ಬರೆದಿಲ್ಲ. ಅವನಿದ್ದಾಗ ಕೇಳದವನಿಗೆ ಅದನ್ನು ಅಚ್ಚು ಹಾಕಿಸುವ ಹಕ್ಕಿಲ್ಲ ಎನ್ನಿಸಿತು.

ಅವರು ಕೊನೆಯವರೆಗೆ ಕೇಳಿದರು. ನಗಲಿಲ್ಲ. ಆಮೇಲೆ ಮೆಲ್ಲಗೆ, "ಆತ್ರಿ ಸರ್... ಈಗ ನಾ ಏನ್ ಮಾಡ್ಲಿರಿ?" ಎಂದರು.

"ಏನೂ ಬ್ಯಾಡ್ರಿ ಮೇಡಂ. ಕೇಳಿದ್ರಲ್ಲ, ಸಾಕು," ಎಂದು ಕೈಮುಗಿದು ಹೊರಗೆ ಬಂದೆ. ಸಾಕಾಗಿರಲಿಲ್ಲ.