ಸರೋಜಾ ಆಂಟಿ ನಮ್ಮ ಮನೆಯ ಊಟ ಬಿಟ್ಟ ವರ್ಷ

ನಾವು ತರಗತಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡುವಾಗ ನಮ್ಮ ಇಂಗ್ಲಿಷ್ ಟೀಚರ್, ಅಮ್ಮನ ಗೆಳತಿ ಸರೋಜಾ ಆಂಟಿ ನಮಗೆ ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಲ್ಲುತ್ತಿದ್ದರು. ಮುಖ ನೋಡಿದರೆ ಮಾರ್ಕ್ಸ್ ಅಲುಗಾಡುತ್ತದಂತೆ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಬೋರ್ಡ್ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದವರು. ಅಲ್ಲಿ ಹೆಸರಿರಲಿಲ್ಲ, ನಂಬರ್ ಮಾತ್ರ. ಆಸ್ಟ್ರೇಲಿಯಾದ ಪರ್ತ್‌ನ ನಮ್ಮ ಶಾಲೆಯಲ್ಲಿ ಆ ವರ್ಷ ಇಂಗ್ಲಿಷಿಗೆ ಹೊರಗಿನ ಪರೀಕ್ಷೆಯನ್ನೇ ತೆಗೆದಿದ್ದರು. ಕಲಿಸಿದವರೇ ವರ್ಷವಿಡೀ ನೋಡಿ ಅಂಕ ಕೊಡಬೇಕು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬೀರು ಸೇರಿತು. ಪ್ರಬಂಧ ಬಾಯಿಪಾಠ ಮಾಡುವುದು ನಿಂತು, ನಮ್ಮ ನಮ್ಮ ಬದುಕಿನ ಬಗ್ಗೆ ಮಾತಾಡುವುದು ಶುರುವಾಯಿತು.

ಅದೇ ವಾರ ಆಂಟಿ ನಮ್ಮ ಮನೆಯ ಊಟ ಬಿಟ್ಟರು. ಅಲ್ಲಿಯವರೆಗೆ ಪ್ರತಿ ಶನಿವಾರ ಪಿಯಾರಾ ವಾಟರ್ಸ್ ಬಡಾವಣೆಯ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಗೆಳತಿಯ ಕೈಯ ಅಕ್ಕಿರೊಟ್ಟಿ ಮೂರು ತಿಂದು, ನಾಲ್ಕನೆಯದಕ್ಕೆ "ಬೇಡ ಕಣೇ ಲಲಿತಾ" ಎನ್ನುತ್ತಲೇ ತಟ್ಟೆ ಮುಂದೆ ಹಿಡಿಯುತ್ತಿದ್ದರು. ಅಂದು ಬಾಗಿಲಲ್ಲೇ ನಿಂತರು.

"ಮಾರ್ಕ್ಸ್ ಹಾಕೋಳು ನಾನು. ನಿನ್ನ ಮಗಳದ್ದು ಕಳಿಸೋವರೆಗೂ ಇಲ್ಲಿ ಒಂದು ಲೋಟ ನೀರೂ ಕುಡಿಯಲ್ಲ."

"ನಿನ್ನ ಮಡಿ ನಿನಗೇ ಇರಲಿ," ಎಂದು ಅಮ್ಮ ನಕ್ಕಳು. "ನವೆಂಬರ್‌ನಲ್ಲಿ ಬಾ, ಎಲ್ಲಾ ಸೇರಿಸಿ ತಿನ್ನಿಸ್ತೀನಿ."

ಆಗಸ್ಟಿನಲ್ಲಿ ಅಮ್ಮನಿಗೆ ಕ್ಯಾನ್ಸರ್ ಎಂದು ತಿಳಿಯಿತು. ಆಂಟಿಗೆ ಹೇಳಲು ಅವಳು ಬಿಡಲಿಲ್ಲ. "ಹೇಳಿದ್ರೆ ಓಡಿ ಬರ್ತಾಳೆ. ಆಮೇಲೆ ನಿನಗೆ ಮಾರ್ಕ್ಸ್ ಹಾಕೋವಾಗ ಒದ್ದಾಡ್ತಾಳೆ. ಮೊದಲು ಮಾರ್ಕ್ಸ್ ಕಳಿಸಿಬಿಡ್ಲಿ." ಫೋನಿನಲ್ಲಿ ಇಬ್ಬರೂ ಎಂದಿನಂತೆ ಹರಟುತ್ತಿದ್ದರು.

ಸೆಪ್ಟೆಂಬರಿನಲ್ಲಿ ನನ್ನ ಸರದಿ ಬಂತು. ವಿಷಯ, ಈ ವರ್ಷ ನಿಮ್ಮ ಮನೆಯಲ್ಲಿ ಬದಲಾದದ್ದು. ಹಿತ್ತಲಿಗೆ ಹಾಕಿಸಿದ ಹೊಸ ಬೇಲಿಯ ಬಗ್ಗೆ ಐದು ನಿಮಿಷ ತಡವರಿಸದೆ ಮಾತಾಡಿದೆ. ಆಂಟಿ ಕಿಟಕಿಯಿಂದ ತಿರುಗಲಿಲ್ಲ. ಭಾಷೆ ಚೆನ್ನಾಗಿದೆ, ಆದರೆ ಈ ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಮುಂದಿನವರನ್ನು ಕರೆದರು.

ಅಕ್ಟೋಬರಿನಲ್ಲಿ ಅಮ್ಮ ಹೋದಳು. ಚಿತಾಗಾರದಲ್ಲಿ ಆಂಟಿ ಕೊನೆಯ ಸಾಲಿನಲ್ಲಿ ಕೂತಿದ್ದರು. ನನಗೆ ಅಳು ಬರಲಿಲ್ಲ. ಏನೂ ಅನಿಸಲಿಲ್ಲ, ಈಗಲೂ ಆ ತಿಂಗಳನ್ನು ನೆನೆದರೆ ಏನೂ ಅನಿಸುವುದಿಲ್ಲ.

ಅಂಕ ಕಳಿಸಿದ ಮೇಲಿನ ಶನಿವಾರ ಅವರು ಬಂದರು. ಅಡಿಲೇಡ್‌ನಲ್ಲಿ ಬೇರೆ ಕೆಲಸ ಹಿಡಿದಿದ್ದರು. ಆ ದಿನದ ನಂತರ ನಾನು ಅವರನ್ನು ನೋಡಿಲ್ಲ. ಅಂದು ಅದೇ ಸ್ಟೂಲಿನ ಮೇಲೆ ಕೂತರು. ನಾನು ರೊಟ್ಟಿ ತಟ್ಟಿದೆ. ಅಂಚು ಸೀದಿತ್ತು.

"ದಿನಾ ಎದುರಿಗೇ ಇದ್ಯಲ್ಲೇ. ಒಂದು ಮಾತು ಹೇಳಬಾರದಿತ್ತಾ?"

"ಅಮ್ಮ ಬೇಡ ಅಂದ್ಲು ಆಂಟಿ."

"ನಿನಗೆ ಮಾರ್ಕ್ಸ್ ಹಾಕೋ ಕೆಲಸಾನ ನಾನು ಪಕ್ಕದ ಕ್ಲಾಸ್ ಟೀಚರ್‌ಗೆ ಕೊಟ್ಟಿದ್ರೆ ಮುಗೀತಿತ್ತು." ರೊಟ್ಟಿಯ ಸೀದ ಅಂಚನ್ನು ಮುರಿಯುತ್ತಾ, "ಮೊದಲ್ನೇ ದಿನಾನೇ ಕೊಡಬಹುದಿತ್ತು," ಎಂದರು.

ಮೂರು ರೊಟ್ಟಿ ತಿಂದರು. ನಾಲ್ಕನೆಯದನ್ನು ಹಾಕಲು ಹೋದಾಗ "ಬೇಡ" ಎಂದರು. ತಟ್ಟೆ ಮುಂದೆ ಬರಲಿಲ್ಲ.